ಒಂದು ವಿದ್ಯಾರ್ಥಿವೇತನದ ಅರ್ಜಿ ಮತ್ತು ಅದರ ಹಿಂದಿನ ಚರಿತ್ರೆ



ನಿವೃತ್ತನಾದ ಮೇಲೆ ನನ್ನನ್ನು ಹುಡುಕಿಕೊಂಡು ಬರುವ ಹಳೆಯ ವಿದ್ಯಾರ್ಥಿಗಳಲ್ಲಿ ಹೆಚ್ಚಿನವರು ಮಕ್ಕಳ ಮದುವೆಯ ಲಗ್ನಪತ್ರಿಕೆಯನ್ನೋ ಗೃಹಪ್ರವೇಶದ ಆಹ್ವಾನವನ್ನೋ ಹಿಡಿದು ಬರುತ್ತಾರೆ. 2024ರ ದಸರೆಗೆ ಕೆಲವು ದಿನ ಮುಂಚೆ ಬಂದವನ ಕೈಯಲ್ಲಿ ಮಾತ್ರ ಒಂದು ಪ್ಲಾಸ್ಟಿಕ್ ಕವರು ಇತ್ತು. ಅದರ ತುಂಬ ಕಾಗದಗಳು. ಹಿಂದೆ ಅವನ ಮಗಳು ನಿಂತಿದ್ದಳು. "ಮೇಷ್ಟ್ರೇ, ಮಗಳಿಗೆ ಇಂಜಿನಿಯರಿಂಗ್ ಸೀಟು ಸಿಕ್ಕಿದೆ. ಸ್ಕಾಲರ್‌ಶಿಪ್ಪಿಗೆ ಅರ್ಜಿ ತುಂಬಬೇಕು. ನಂಗೆ ಈ ಕಾಗದ ಓದೋಕೆ ಆಗಲ್ಲ, ಅವಳಿಗೂ ನಿಧಾನ. ನೀವು ತುಂಬಿಕೊಡಬೇಕು" ಎಂದನು.

ಅವನ ಹೆಸರನ್ನು ಇಲ್ಲಿ ಬರೆಯುವುದಿಲ್ಲ. 1983-84ರಲ್ಲಿ ತುಮಕೂರು ಜಿಲ್ಲೆಯ ಒಂದು ಪ್ರೌಢಶಾಲೆಯಲ್ಲಿ ಹತ್ತನೆಯ ತರಗತಿಯಲ್ಲಿದ್ದವರಲ್ಲಿ ಕೆಲವರಿಗೆ ಯಾರೆಂದು ಹೊಳೆಯಬಹುದು. ಹೊಳೆದರೂ ನಿಮ್ಮಲ್ಲಿಯೇ ಇಟ್ಟುಕೊಳ್ಳಿರಿ. ಅವನ ಒಪ್ಪಿಗೆ ಪಡೆದೇ ಈ ಲೇಖನವನ್ನು ಬರೆಯುತ್ತಿದ್ದೇನೆ.

ಆ ಕವರಿನಲ್ಲಿದ್ದ ಕಾಗದಗಳಲ್ಲಿ ಮುಖ್ಯವಾದದ್ದು ಒಂದು ವೈದ್ಯಕೀಯ ಪ್ರಮಾಣಪತ್ರ. ಅವನ ಮಗಳಿಗೆ ನಿರ್ದಿಷ್ಟ ಕಲಿಕಾ ನ್ಯೂನತೆ ಇದೆಯೆಂದು ಅದರಲ್ಲಿ ಬರೆದಿತ್ತು. ಸಾಮಾನ್ಯವಾಗಿ ನಾವು ಡಿಸ್ಲೆಕ್ಸಿಯಾ ಎಂದು ಕೇಳಿರುವುದು ಈ ಗುಂಪಿಗೆ ಸೇರಿದ್ದು. ಬುದ್ಧಿಗೆ ಯಾವ ಕೊರತೆಯೂ ಇರುವುದಿಲ್ಲ. ಕಣ್ಣು, ಕಿವಿ ಸರಿಯಾಗಿರುತ್ತವೆ. ಆದರೆ ಬರಹದ ಅಕ್ಷರವನ್ನೂ ನಾಲಗೆಯ ಧ್ವನಿಯನ್ನೂ ಒಂದಕ್ಕೊಂದು ಜೋಡಿಸುವ ಕೆಲಸ ಮನಸ್ಸಿಗೆ ಬಹಳ ಶ್ರಮದ್ದಾಗುತ್ತದೆ. ಬರೆಯುವುದರಲ್ಲಿ ತೊಡಕಿದ್ದರೆ ಡಿಸ್ಗ್ರಾಫಿಯಾ, ಲೆಕ್ಕದಲ್ಲಿದ್ದರೆ ಡಿಸ್ಕ್ಯಾಲ್ಕುಲಿಯಾ ಎನ್ನುತ್ತಾರೆ.

ನಾನು ಚರಿತ್ರೆಯ ಮೇಷ್ಟ್ರು. ಯಾವ ಕಾಗದ ಕೈಗೆ ಬಂದರೂ ಇದು ಎಂದು ಹುಟ್ಟಿತು, ಏಕೆ ಹುಟ್ಟಿತು ಎಂದು ಕೇಳುವುದು ನನ್ನ ಅಭ್ಯಾಸ. ಅರ್ಜಿ ತುಂಬುತ್ತ ಹೋದಂತೆ ಆ ಪ್ರಶ್ನೆಗೆ ದೊರೆತ ಉತ್ತರವನ್ನು ಇಲ್ಲಿ ಬರೆದಿದ್ದೇನೆ. ಅದರಲ್ಲಿ ನನ್ನದೇ ಒಂದು ತಪ್ಪಿನ ಚರಿತ್ರೆಯೂ ಸೇರಿಕೊಂಡಿದೆ. ಮೊದಲು ಅದನ್ನು ಹೇಳಿಬಿಡುತ್ತೇನೆ.

ಈ ಹುಡುಗ ತರಗತಿಯಲ್ಲಿ ಬಾಯಲ್ಲಿ ಉತ್ತರ ಹೇಳುವಾಗ ಎಲ್ಲರಿಗಿಂತ ಮುಂದೆ ಇರುತ್ತಿದ್ದನು. ಕದಂಬರಿಂದ ಒಡೆಯರವರೆಗೆ ರಾಜವಂಶಗಳನ್ನು ಅನುಕ್ರಮವಾಗಿ ಹೇಳುವನು. ಒಂದು ಯುದ್ಧದ ಕಥೆಯನ್ನು ಒಮ್ಮೆ ಹೇಳಿದರೆ ಸಾಕು, ವಾರದ ನಂತರ ಹಾಗೆಯೇ ಒಪ್ಪಿಸುವನು. ಆದರೆ ಉತ್ತರ ಪತ್ರಿಕೆ ಕೈಗೆ ಬಂದರೆ ಬೇರೆಯೇ ಒಬ್ಬ ಹುಡುಗ ಬರೆದಂತೆ ಇರುತ್ತಿತ್ತು. "ವಿಜಯನಗರ" ಎಂಬುದು "ವಿಯಜನಗರ" ಆಗಿರುವುದು. "ರಾಷ್ಟ್ರಕೂಟ" ಎಂಬುದು ಒಂದು ಸಾಲಿನಲ್ಲಿ "ರಾಟಕೂಟ", ಮುಂದಿನ ಸಾಲಿನಲ್ಲಿ "ರಾಷಟಕುಟ". ಒತ್ತಕ್ಷರಗಳು ಎಲ್ಲಿಯೋ ಉದುರಿಹೋಗಿರುವುವು. ದೀರ್ಘಕ್ಕೆ ಹ್ರಸ್ವ, ಹ್ರಸ್ವಕ್ಕೆ ದೀರ್ಘ.

ಬಾಯಿಗೆ ಬರುವುದು ಕೈಗೆ ಏಕೆ ಬಾರದು? ಸೋಮಾರಿತನ, ಅಲಕ್ಷ್ಯ ಎಂದು ನಾನು ತೀರ್ಮಾನಿಸಿದೆನು. ಒಂದು ಶನಿವಾರ "ರಾಷ್ಟ್ರಕೂಟ" ಎಂದು ನೂರು ಸಲ ಬರೆದು ತರಲು ಹೇಳಿದೆನು. ಸೋಮವಾರ ತಂದನು. ನೂರು ಸಲ ಬರೆದಿದ್ದನು, ಎಣಿಕೆಯಲ್ಲಿ ಒಂದೂ ಕಡಿಮೆಯಿರಲಿಲ್ಲ. ಆದರೆ ಆ ನೂರರಲ್ಲಿ ಆರೇಳು ಬಗೆಯ ಕಾಗುಣಿತಗಳಿದ್ದವು. ನನ್ನನ್ನು ಹಾಸ್ಯ ಮಾಡಲು ಬೇಕೆಂದೇ ಹೀಗೆ ಬರೆದಿದ್ದಾನೆಂದು ನನಗೆ ಅನಿಸಿತು. ಕೋಲು ತೆಗೆದುಕೊಂಡೆನು. ಆಮೇಲೆ ಅವನ ತಾಯಿಯನ್ನು ಶಾಲೆಗೆ ಕರೆಸಿದೆನು. ಗಂಡನನ್ನು ಕಳೆದುಕೊಂಡು ಕೂಲಿ ಮಾಡಿ ಮಗನನ್ನು ಓದಿಸುತ್ತಿದ್ದ ಆಕೆಯ ಎದುರಿನಲ್ಲಿ, "ಇವನ ತಲೆಗೆ ವಿದ್ಯೆ ಹತ್ತುವುದಿಲ್ಲಮ್ಮ, ಯಾವುದಾದರೂ ಕೆಲಸಕ್ಕೆ ಹಾಕು" ಎಂದೆನು. ಆಕೆ ಸೆರಗಿನಿಂದ ಮುಖ ಒರೆಸಿಕೊಂಡು ನನಗೆ ಕೈಮುಗಿದು ಹೋದಳು.

ಅವನು ಎಸ್‌ಎಸ್‌ಎಲ್‌ಸಿಯಲ್ಲಿ ಮೂರು ವಿಷಯಗಳಲ್ಲಿ ನಪಾಸಾದನು. ಮೋಟಾರು ರಿವೈಂಡಿಂಗ್ ಅಂಗಡಿಯೊಂದರಲ್ಲಿ ಕೆಲಸಕ್ಕೆ ಸೇರಿ, ಹತ್ತು ವರ್ಷದ ಮೇಲೆ ತನ್ನದೇ ಅಂಗಡಿ ಇಟ್ಟನು. ನಮ್ಮ ಕಡೆಯ ತೆಂಗಿನ ತೋಟಗಳ ಬೋರ್‌ವೆಲ್ ಮೋಟಾರು ಸುಟ್ಟರೆ ರೈತರು ಇಂದಿಗೂ ಅವನಲ್ಲಿಗೇ ಹೋಗುತ್ತಾರೆ. ಯಾವ ಮೋಟಾರಿಗೆ ಎಷ್ಟು ಸುತ್ತು ತಾಮ್ರದ ತಂತಿ ಎಂಬುದನ್ನು ಅವನು ಎಲ್ಲಿಯೂ ಬರೆದಿಟ್ಟುಕೊಂಡಿಲ್ಲ. ಎಲ್ಲವೂ ತಲೆಯಲ್ಲಿದೆ.

ಈಗ ಚರಿತ್ರೆಗೆ ಬರೋಣ.

ಬಡ ವಿದ್ಯಾರ್ಥಿಗೆ ನೆರವು ನೀಡುವ ಪದ್ಧತಿ ನಮ್ಮಲ್ಲಿ ಹೊಸದಲ್ಲ. ನಮ್ಮ ತಂದೆಯವರ ಕಾಲದವರು ವಾರಾನ್ನ ಉಂಡು ಓದಿದರು. ತುಮಕೂರಿನ ಸಿದ್ಧಗಂಗಾ ಮಠದಂತಹ ಕಡೆಗಳಲ್ಲಿ ಸಾವಿರಾರು ಮಕ್ಕಳಿಗೆ ಅನ್ನವೂ ವಸತಿಯೂ ದೊರೆತವು. 1918ರಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರು ಸರ್ ಲೆಸ್ಲಿ ಮಿಲ್ಲರ್ ಅವರ ಅಧ್ಯಕ್ಷತೆಯಲ್ಲಿ ನೇಮಿಸಿದ ಸಮಿತಿಯಿಂದ ಮೈಸೂರು ಸಂಸ್ಥಾನದಲ್ಲಿ ಹಿಂದುಳಿದ ಸಮುದಾಯಗಳ ಮಕ್ಕಳ ವಿದ್ಯೆಗೆ ಸರ್ಕಾರದ ನೆರವಿನ ದಾರಿ ತೆರೆಯಿತು. ಪರಿಶಿಷ್ಟ ಜಾತಿಯ ವಿದ್ಯಾರ್ಥಿಗಳಿಗಾಗಿ ಮೆಟ್ರಿಕ್ ನಂತರದ ವಿದ್ಯಾರ್ಥಿವೇತನವನ್ನು ಭಾರತ ಸರ್ಕಾರ ಆರಂಭಿಸಿದ್ದು 1944ರಲ್ಲಿ, ಸ್ವಾತಂತ್ರ್ಯಕ್ಕೆ ಮೊದಲೇ.

ಇವೆಲ್ಲವನ್ನೂ ಒಟ್ಟಿಗೆ ಇಟ್ಟು ನೋಡಿದರೆ ಒಂದು ಸಂಗತಿ ಎದ್ದು ಕಾಣುತ್ತದೆ. ವಿದ್ಯಾರ್ಥಿವೇತನ ಕೊಡುವವರು ಮೊದಲು ಒಂದು ಪಟ್ಟಿ ಮಾಡುತ್ತಾರೆ. ಅಂಕ ಹೆಚ್ಚು ಪಡೆದವನು, ಬಡವನು, ಇಂತಹ ಸಮುದಾಯದವನು, ಕಣ್ಣು ಕಾಣದವನು ಎಂದು ಆ ಪಟ್ಟಿಯಲ್ಲಿ ಹೆಸರುಗಳಿರುತ್ತವೆ. ಪಟ್ಟಿಯಲ್ಲಿ ಹೆಸರಿಲ್ಲದ ಕಷ್ಟಕ್ಕೆ ಹಣ ದೊರೆಯುವುದಿಲ್ಲ. ಓದಲು ತೊಡಕುಪಡುವ ಮಗುವಿನ ಕಷ್ಟಕ್ಕೆ ನಮ್ಮಲ್ಲಿ ಬಹುಕಾಲ ಹೆಸರೇ ಇರಲಿಲ್ಲ. ಇದ್ದ ಹೆಸರೆಂದರೆ "ದಡ್ಡ" ಎಂಬುದೊಂದೇ.

ಹೆಸರು ಮೊದಲು ಹುಟ್ಟಿದ್ದು ಯುರೋಪಿನಲ್ಲಿ. 1877ರಲ್ಲಿ ಜರ್ಮನಿಯ ವೈದ್ಯ ಅಡಾಲ್ಫ್ ಕುಸ್‌ಮಾಲ್ ಎಂಬವನು ಕಣ್ಣು ಚೆನ್ನಾಗಿದ್ದೂ ಪದಗಳನ್ನು ಓದಲಾರದ ಸ್ಥಿತಿಯನ್ನು "ಪದಕುರುಡು" ಎಂದು ಕರೆದನು. 1887ರಲ್ಲಿ ಸ್ಟುಟ್‌ಗಾರ್ಟ್‌ನ ನೇತ್ರವೈದ್ಯ ರುಡಾಲ್ಫ್ ಬರ್ಲಿನ್ "ಡಿಸ್ಲೆಕ್ಸಿಯಾ" ಎಂಬ ಪದವನ್ನು ಬಳಕೆಗೆ ತಂದನು. ಇವರಿಬ್ಬರೂ ನೋಡಿದ್ದು ಮಿದುಳಿಗೆ ಪೆಟ್ಟಾದ ದೊಡ್ಡವರನ್ನು. ಹುಟ್ಟಿನಿಂದಲೇ ಹೀಗಿರುವ ಮಗುವಿನ ಬಗ್ಗೆ ವಿವರವಾಗಿ ಬರೆದವನು ಇಂಗ್ಲೆಂಡಿನ ಸಸೆಕ್ಸ್ ಪ್ರಾಂತದ ಸೀಫರ್ಡ್ ಎಂಬ ಊರಿನ ವೈದ್ಯ ಪ್ರಿಂಗಲ್ ಮಾರ್ಗನ್. 1896ರ ನವೆಂಬರಿನಲ್ಲಿ ಬ್ರಿಟಿಷ್ ಮೆಡಿಕಲ್ ಜರ್ನಲ್ ಎಂಬ ಪತ್ರಿಕೆಯಲ್ಲಿ ಅವನ ಟಿಪ್ಪಣಿ ಪ್ರಕಟವಾಯಿತು.

ಆ ಟಿಪ್ಪಣಿಯ ಹುಡುಗನಿಗೆ ಹದಿನಾಲ್ಕು ವರ್ಷ, ಹೆಸರು ಪರ್ಸಿ. ಚುರುಕು ಹುಡುಗ, ಆಟದಲ್ಲಿ ಯಾರಿಗೂ ಕಡಿಮೆಯಿಲ್ಲ. ದೊಡ್ಡ ದೊಡ್ಡ ಸಂಖ್ಯೆಗಳನ್ನು ಸಲೀಸಾಗಿ ಓದುವನು. ಆದರೆ ತನ್ನ ಹೆಸರನ್ನೇ ಅಕ್ಷರ ಹಿಂದುಮುಂದು ಮಾಡಿ "ಪ್ರೆಸಿ" ಎಂದು ಬರೆಯುವನು, ತಪ್ಪಾಗಿದೆಯೆಂದು ಅವನಿಗೆ ತಿಳಿಯುವುದೂ ಇಲ್ಲ. ಅವನಿಗೆ ವರ್ಷಗಟ್ಟಲೆ ಪಾಠ ಹೇಳಿದ ಉಪಾಧ್ಯಾಯನು ವೈದ್ಯನಿಗೆ ತಿಳಿಸಿದ್ದು ಇಷ್ಟು: ಪಾಠವೆಲ್ಲ ಬಾಯಿಮಾತಿನಲ್ಲಿಯೇ ನಡೆಯುವಂತಿದ್ದರೆ ಶಾಲೆಯಲ್ಲಿ ಇವನಷ್ಟು ಬುದ್ಧಿವಂತ ಮತ್ತೊಬ್ಬನಿಲ್ಲ.

ಇದನ್ನು ಮೊದಲ ಬಾರಿ ಓದಿದಾಗ ನಾನು ಪುಸ್ತಕವನ್ನು ಮುಚ್ಚಿಟ್ಟು ಸ್ವಲ್ಪ ಹೊತ್ತು ಸುಮ್ಮನೆ ಕುಳಿತೆನು. 1896ರ ಆ ಉಪಾಧ್ಯಾಯನಿಗೆ ಕಂಡದ್ದು 1984ರಲ್ಲಿ ನನಗೂ ಕಂಡಿತ್ತು. ಅವನು ವೈದ್ಯನಿಗೆ ಹೇಳಿದನು. ನಾನು ಕೋಲು ತೆಗೆದುಕೊಂಡೆನು.

ಮುಂದೆ ಈ ವಿಷಯ ಅಮೆರಿಕಕ್ಕೆ ದಾಟಿತು. 1963ರಲ್ಲಿ ಷಿಕಾಗೊ ನಗರದಲ್ಲಿ ಸೇರಿದ್ದ ಪೋಷಕರ ಸಭೆಯೊಂದರಲ್ಲಿ ಸ್ಯಾಮ್ಯುಯೆಲ್ ಕರ್ಕ್ ಎಂಬ ವಿದ್ವಾಂಸನು "ಕಲಿಕಾ ನ್ಯೂನತೆ" ಎಂಬ ಅರ್ಥದ ಪದವನ್ನು ಮುಂದಿಟ್ಟನು. ಹೆಸರು ದೊರೆತದ್ದೇ ತಡ, ಪೋಷಕರು ಸಂಘಟಿತರಾದರು. 1973ರ ಪುನರ್ವಸತಿ ಕಾಯಿದೆಯು ಸರ್ಕಾರದ ಹಣ ಪಡೆಯುವ ಯಾವ ಸಂಸ್ಥೆಯೂ ನ್ಯೂನತೆಯ ಕಾರಣದಿಂದ ಯಾರನ್ನೂ ಹೊರಗಿಡಬಾರದೆಂದಿತು. 1975ರ ಶಿಕ್ಷಣ ಕಾಯಿದೆಯು ಕಲಿಕಾ ನ್ಯೂನತೆಯನ್ನು ಸ್ಪಷ್ಟವಾಗಿ ಹೆಸರಿಸಿತು. ಆ ಕಾಯಿದೆಯ ನೆರವಿನಿಂದ ಶಾಲೆ ಮುಗಿಸಿದ ಮಕ್ಕಳು ಕಾಲೇಜಿನ ಬಾಗಿಲಿಗೆ ಬಂದು ನಿಂತಾಗ ಅವರಿಗೆಂದೇ ವಿದ್ಯಾರ್ಥಿವೇತನಗಳು ಹುಟ್ಟಿಕೊಂಡವು. ಕಲಿಕಾ ನ್ಯೂನತೆಯ ರಾಷ್ಟ್ರೀಯ ಕೇಂದ್ರ ಎಂಬ ಅಲ್ಲಿನ ಸಂಸ್ಥೆ ಆನ್ ಫೋರ್ಡ್ ಎಂಬಾಕೆಯ ಹೆಸರಿನಲ್ಲಿ ನಾಲ್ಕು ವರ್ಷಕ್ಕೆ ಒಟ್ಟು 10,000 ಡಾಲರಿನ ವೇತನವನ್ನು ಸ್ಥಾಪಿಸಿತು. ಅದಕ್ಕೂ ಅರ್ಜಿಯ ಜೊತೆಗೆ ನ್ಯೂನತೆಯ ದಾಖಲೆ ಬೇಕು. ಹಣ, ದಾಖಲೆ, ಹೆಸರು ಈ ಮೂರರ ನಂಟು ಅಲ್ಲಿಯೂ ತಪ್ಪಿದ್ದಲ್ಲ. ಅಮೆರಿಕದಲ್ಲಿ ನೆಲೆಸಿರುವ ನಮ್ಮ ಬಂಧುಗಳು ಈ ಅಂಶವನ್ನು ನೆನಪಿನಲ್ಲಿಡುವುದು ಒಳ್ಳೆಯದು.

ನಮ್ಮ ದೇಶದಲ್ಲಿ ಈ ಹೆಸರು ಬಹಳ ತಡವಾಗಿ ಬಂದಿತು. 1991ರಲ್ಲಿ ಮದ್ರಾಸಿನಲ್ಲಿ ಡಿಸ್ಲೆಕ್ಸಿಯಾ ಸಂಘವೊಂದು ಹುಟ್ಟಿತು. 1996ರಲ್ಲಿ ಮಹಾರಾಷ್ಟ್ರ ಸರ್ಕಾರವು ಇಂತಹ ವಿದ್ಯಾರ್ಥಿಗಳಿಗೆ ಪರೀಕ್ಷೆಯಲ್ಲಿ ರಿಯಾಯಿತಿಗಳನ್ನು ಕೊಟ್ಟಿತು. ಆದರೆ ದೇಶಕ್ಕೆಲ್ಲ ಅನ್ವಯಿಸುವ ಕಾನೂನಿನಲ್ಲಿ ಸ್ಥಿತಿ ಬೇರೆಯಾಗಿತ್ತು. 1995ರ ಅಂಗವಿಕಲರ ಕಾಯಿದೆ ಪಟ್ಟಿ ಮಾಡಿದ್ದು ಏಳು ನ್ಯೂನತೆಗಳನ್ನು: ಕುರುಡು, ಮಂದದೃಷ್ಟಿ, ಕುಷ್ಠದಿಂದ ಗುಣಮುಖರಾದವರ ಸ್ಥಿತಿ, ಶ್ರವಣದೋಷ, ಚಲನಾಂಗದ ನ್ಯೂನತೆ, ಬುದ್ಧಿಮಾಂದ್ಯ, ಮನೋರೋಗ. ಆ ಕಾಯಿದೆಯಲ್ಲಿ ವಿದ್ಯಾರ್ಥಿವೇತನದ ಮಾತೂ ಇತ್ತು, ಶಿಕ್ಷಣ ಸಂಸ್ಥೆಗಳಲ್ಲಿ ಶೇಕಡಾ 3ರ ಮೀಸಲಾತಿಯೂ ಇತ್ತು. ಕಲಿಕಾ ನ್ಯೂನತೆ ಮಾತ್ರ ಪಟ್ಟಿಯಲ್ಲಿರಲಿಲ್ಲ. ಹೀಗಾಗಿ ಇಪ್ಪತ್ತು ವರ್ಷಗಳಿಗೂ ಮಿಗಿಲಾಗಿ ಇಂತಹ ಮಗು ಕಾಲೇಜಿಗೆ ಬಂದರೆ ಈ ಕಾಯಿದೆಯಡಿ ಅದಕ್ಕೆ ಯಾವ ನೆರವನ್ನೂ ಕೇಳುವ ಹಕ್ಕಿರಲಿಲ್ಲ.

2007ರ ಅಕ್ಟೋಬರ್ 1ರಂದು ಭಾರತವು ವಿಕಲಚೇತನರ ಹಕ್ಕುಗಳನ್ನು ಕುರಿತ ವಿಶ್ವಸಂಸ್ಥೆಯ ಒಡಂಬಡಿಕೆಯನ್ನು ಅನುಮೋದಿಸಿತು. ಅದೇ ವರ್ಷದ ಡಿಸೆಂಬರಿನಲ್ಲಿ "ತಾರೆ ಜಮೀನ್ ಪರ್" ಚಿತ್ರ ತೆರೆಕಂಡು ಡಿಸ್ಲೆಕ್ಸಿಯಾ ಎಂಬ ಪದವನ್ನು ಮನೆಮನೆಗೆ ತಲುಪಿಸಿತು. ಒಡಂಬಡಿಕೆಗೆ ಸರಿಹೊಂದುವ ಹೊಸ ಕಾಯಿದೆಗೆ ಮತ್ತೆ ಒಂಬತ್ತು ವರ್ಷ ಹಿಡಿಯಿತು. 2016ರ ಡಿಸೆಂಬರಿನಲ್ಲಿ ಸಂಸತ್ತು ವಿಕಲಚೇತನರ ಹಕ್ಕುಗಳ ಕಾಯಿದೆಯನ್ನು ಅಂಗೀಕರಿಸಿತು. ಅದು ಜಾರಿಗೆ ಬಂದದ್ದು 2017ರ ಏಪ್ರಿಲ್ 19ರಂದು. ಏಳು ಇದ್ದ ಪಟ್ಟಿ ಇಪ್ಪತ್ತೊಂದಕ್ಕೆ ಏರಿತು. ಆ ಇಪ್ಪತ್ತೊಂದರಲ್ಲಿ ನಿರ್ದಿಷ್ಟ ಕಲಿಕಾ ನ್ಯೂನತೆಯೂ ಒಂದು.

ಈ ಕಾಯಿದೆಯ ಕೆಲವು ವಿಧಿಗಳನ್ನು ಪ್ರತಿಯೊಬ್ಬ ಉಪಾಧ್ಯಾಯನೂ ಓದಬೇಕು. ಮಕ್ಕಳಲ್ಲಿ ಕಲಿಕಾ ನ್ಯೂನತೆಯನ್ನು ಆದಷ್ಟು ಬೇಗ ಗುರುತಿಸಿ ಅದಕ್ಕೆ ತಕ್ಕ ಬೋಧನೆಯ ಕ್ರಮ ಕೈಗೊಳ್ಳುವುದು ಶಿಕ್ಷಣ ಸಂಸ್ಥೆಗಳ ಕರ್ತವ್ಯವೆಂದು 16ನೆಯ ವಿಧಿ ಹೇಳುತ್ತದೆ. 17ನೆಯ ವಿಧಿಯು ಐದು ವರ್ಷಕ್ಕೊಮ್ಮೆ ಶಾಲಾ ಮಕ್ಕಳ ಸಮೀಕ್ಷೆ, ಪರೀಕ್ಷೆಯಲ್ಲಿ ಹೆಚ್ಚುವರಿ ಸಮಯ, ಬರೆಯುವ ಸಹಾಯಕ, ಎರಡನೆಯ ಹಾಗೂ ಮೂರನೆಯ ಭಾಷೆಯಿಂದ ವಿನಾಯಿತಿ ಮತ್ತು ವಿದ್ಯಾರ್ಥಿವೇತನ ಇವುಗಳನ್ನು ಒಟ್ಟಿಗೆ ಹೇಳುತ್ತದೆ. 32ನೆಯ ವಿಧಿಯ ಪ್ರಕಾರ ಸರ್ಕಾರಿ ಹಾಗೂ ಅನುದಾನಿತ ಉನ್ನತ ಶಿಕ್ಷಣ ಸಂಸ್ಥೆಗಳಲ್ಲಿ ಕನಿಷ್ಠ ಶೇಕಡಾ 5 ಸ್ಥಾನಗಳು ಮೀಸಲು, ವಯೋಮಿತಿಯಲ್ಲಿ ಐದು ವರ್ಷಗಳ ಸಡಿಲಿಕೆ. ಮೀಸಲಾತಿ ಮತ್ತು ವಿದ್ಯಾರ್ಥಿವೇತನ ಬೇಕಾದರೆ ನ್ಯೂನತೆ ಶೇಕಡಾ 40ಕ್ಕೆ ಕಡಿಮೆಯಿರಬಾರದು.

ಈ ಶೇಕಡಾ 40 ಎಂಬುದೇ ಒಂದು ದೊಡ್ಡ ಗಂಟು. ಕಾಲಿನ ಊನವನ್ನು ಅಳೆಯಬಹುದು, ಕಿವಿಯ ಶಕ್ತಿಯನ್ನು ಯಂತ್ರದಿಂದ ಅಳೆಯಬಹುದು. ಓದಿನ ತೊಡಕು ಶೇಕಡಾ ಎಷ್ಟು? ವೈದ್ಯಕೀಯ ಶಿಕ್ಷಣದ ಪ್ರವೇಶಕ್ಕಾಗಿ 2019ರಲ್ಲಿ ಹೊರಟ ಮಾರ್ಗಸೂಚಿಯೇ ಈ ನ್ಯೂನತೆಯ ತೀವ್ರತೆಯನ್ನು ಅಳೆಯಲು ಮಾನದಂಡಗಳಿಲ್ಲವೆಂದೂ 40ರ ಗೆರೆಗೆ ಗಟ್ಟಿಯಾದ ಆಧಾರವಿಲ್ಲವೆಂದೂ ಒಪ್ಪಿಕೊಂಡಿತ್ತು. ಆದರೂ ಆ ಗೆರೆಯ ಈಚೆಗಿನವನಿಗೆ ಹಣ ಇಲ್ಲ, ಆಚೆಗಿನವನಿಗೆ ಇದೆ.

ನಮ್ಮ ಕನ್ನಡದ ಮಕ್ಕಳ ವಿಷಯದಲ್ಲಿ ಇನ್ನೊಂದು ತೊಡಕುಂಟು. ಇಂಗ್ಲಿಷಿನಲ್ಲಿ ಇಪ್ಪತ್ತಾರು ಅಕ್ಷರ. ನಮ್ಮಲ್ಲಿ ಸ್ವರ, ವ್ಯಂಜನ, ಕಾಗುಣಿತ, ಒತ್ತಕ್ಷರ ಎಲ್ಲ ಸೇರಿ ಮಗು ಗುರುತು ಹಿಡಿಯಬೇಕಾದ ರೂಪಗಳು ನೂರಾರು. ಬೆಂಗಳೂರಿನ ಪ್ರಾಮಿಸ್ ಫೌಂಡೇಶನ್ ಸಂಸ್ಥೆಯ ಸೋನಾಲಿ ನಾಗ್ ಅವರು 2007ರಲ್ಲಿ ಪ್ರಕಟಿಸಿದ ಅಧ್ಯಯನವು ಕನ್ನಡದ ಅಕ್ಷರಗಳನ್ನು ಪೂರ್ತಿ ಕರಗತ ಮಾಡಿಕೊಳ್ಳಲು ಸಾಮಾನ್ಯ ಮಕ್ಕಳಿಗೂ ನಾಲ್ಕನೆಯ ತರಗತಿಯವರೆಗೆ ಕಾಲ ಬೇಕಾಗುತ್ತದೆಂದು ತೋರಿಸಿತು. ಹೀಗಿರುವಾಗ ಮೂರನೆಯ ತರಗತಿಯ ಮಗು ಒತ್ತಕ್ಷರ ತಪ್ಪಿದರೆ ಅದು ವಯಸ್ಸಿನ ಸಹಜ ತಪ್ಪೋ ನ್ಯೂನತೆಯೋ ಎಂದು ಹೇಳುವುದು ಸುಲಭವಲ್ಲ. ಮುಂದೆ ಸರಿಹೋಗುತ್ತದೆ ಎನ್ನುತ್ತ ವರ್ಷಗಳು ಕಳೆದುಬಿಡುತ್ತವೆ. ಅದೃಷ್ಟವಶಾತ್ ಪರೀಕ್ಷಿಸುವ ಸಂಸ್ಥೆಗಳು ನಮ್ಮ ನಾಡಿನಲ್ಲಿಯೇ ಇವೆ. 1965ರಲ್ಲಿ ಮೈಸೂರಿನಲ್ಲಿ ಸ್ಥಾಪನೆಯಾದ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ ಒಂದು. ಬೆಂಗಳೂರಿನ ನಿಮ್ಹಾನ್ಸ್ ಮತ್ತೊಂದು. 2018ರ ಜನವರಿಯಲ್ಲಿ ಕೇಂದ್ರ ಸರ್ಕಾರ ಹೊರಡಿಸಿದ ಮಾರ್ಗಸೂಚಿಯು ದೇಶಕ್ಕೆಲ್ಲ ಸೂಚಿಸಿದ್ದು ನಿಮ್ಹಾನ್ಸ್ ರೂಪಿಸಿದ ಪರೀಕ್ಷಾಕ್ರಮವನ್ನೇ. ಆ ಮಾರ್ಗಸೂಚಿಯಲ್ಲಿ ಎಂಟು ವರ್ಷ ತುಂಬಿದ ಮೇಲೆ ಪ್ರಮಾಣಪತ್ರ, ಹದಿನಾಲ್ಕಕ್ಕೆ ಒಮ್ಮೆ, ಹದಿನೆಂಟಕ್ಕೆ ಒಮ್ಮೆ ಮರುಪರೀಕ್ಷೆ, ಹದಿನೆಂಟರದು ಜೀವಮಾನಕ್ಕೆ ಎಂದಿತ್ತು. 2024ರ ಮಾರ್ಚಿನಲ್ಲಿ ಮಾರ್ಗಸೂಚಿಗಳು ಮತ್ತೆ ಪರಿಷ್ಕೃತವಾದವು.

ಈಗ ನಮ್ಮ ಹುಡುಗಿಯ ಅರ್ಜಿಗೆ ಮರಳುತ್ತೇನೆ. ಒಂಬತ್ತನೆಯ ತರಗತಿಯಲ್ಲಿದ್ದಾಗ ಹೊಸದಾಗಿ ಬಂದ ಒಬ್ಬ ಶಿಕ್ಷಕಿ ಇವಳನ್ನು ಗಮನಿಸಿದರಂತೆ. ಪ್ರಯೋಗಶಾಲೆಯಲ್ಲಿ ಎಲ್ಲರಿಗಿಂತ ಮೊದಲು ಸರ್ಕ್ಯೂಟು ಜೋಡಿಸುವ ಹುಡುಗಿ ಅದನ್ನೇ ಬರೆಯಲು ಒದ್ದಾಡುವುದೇಕೆಂದು ಯೋಚಿಸಿ, ಬೈಯದೆ, ತಂದೆಯನ್ನು ಕರೆಸಿ, ಪರೀಕ್ಷೆ ಮಾಡಿಸಿರಿ ಎಂದರು. ಆ ಪ್ರಮಾಣಪತ್ರದ ಬಲದಿಂದ ಎಸ್‌ಎಸ್‌ಎಲ್‌ಸಿಯಲ್ಲಿಯೂ ಪಿಯುಸಿಯಲ್ಲಿಯೂ ಹೆಚ್ಚುವರಿ ಸಮಯ ದೊರೆತು ಒಳ್ಳೆಯ ಅಂಕ ಬಂದವು. ಎಲೆಕ್ಟ್ರಿಕಲ್ ವಿಭಾಗದಲ್ಲಿ ಸೀಟು ಸಿಕ್ಕಿತು.

ಅಷ್ಟರಲ್ಲಿ ಅವಳಿಗೆ ಹದಿನೆಂಟು ತುಂಬಿತ್ತು. ಹಳೆಯ ಪ್ರಮಾಣಪತ್ರವನ್ನು ನವೀಕರಿಸಬೇಕಾಗಿತ್ತು. ತಂದೆ ಮಗಳು ಅಂಗಡಿ ಮುಚ್ಚಿ ಅಲೆದರು. ಒಂದು ಕಡೆ ಮನಃಶಾಸ್ತ್ರಜ್ಞರು ವಾರಕ್ಕೊಂದೇ ದಿನ ಬರುವುದೆಂದರು. ಇನ್ನೊಂದು ಕಡೆ ಒಬ್ಬ ಅಧಿಕಾರಿ ಹುಡುಗಿಯನ್ನು ಮೇಲಿಂದ ಕೆಳಗೆ ನೋಡಿ, "ಚೆನ್ನಾಗಿಯೇ ಇದ್ದಾಳಲ್ಲ, ಇವಳಿಗೆ ಎಲ್ಲಿಯ ಅಂಗವಿಕಲತೆ?" ಎಂದನಂತೆ. ಅಂತೂ ನಾಲ್ಕನೆಯ ಸಲ ಹೋದಾಗ ಪರೀಕ್ಷೆ ಮುಗಿದು ಹೊಸ ಪ್ರಮಾಣಪತ್ರ ಬಂದಿತು. ಅದನ್ನು ಹಿಡಿದು ನನ್ನಲ್ಲಿಗೆ ಬಂದಿದ್ದರು.

ಮೊಮ್ಮಗನ ಲ್ಯಾಪ್‌ಟಾಪ್ ಮುಂದೆ ಕುಳಿತು ಇರುವ ದಾರಿಗಳನ್ನು ನೋಡಿದೆವು. ಕೇಂದ್ರದ ವಿಕಲಚೇತನರ ಸಬಲೀಕರಣ ಇಲಾಖೆಯ ಮೆಟ್ರಿಕ್ ನಂತರದ ವಿದ್ಯಾರ್ಥಿವೇತನ ಪಿಯುಸಿಯಿಂದ ಸ್ನಾತಕೋತ್ತರದವರೆಗೆ ಇದೆ. ಆದರೆ ಅದರಲ್ಲಿ ಪೋಷಕರ ವಾರ್ಷಿಕ ಆದಾಯ 2.5 ಲಕ್ಷ ರೂಪಾಯಿ ಮೀರಬಾರದು. ಇವನ ಅಂಗಡಿಯ ಆದಾಯ ಅದಕ್ಕಿಂತ ಸ್ವಲ್ಪ ಹೆಚ್ಚು. ಹೆಸರಾಂತ ಸಂಸ್ಥೆಗಳಲ್ಲಿ ಓದುವವರಿಗೆ ಉನ್ನತ ದರ್ಜೆಯ ಶಿಕ್ಷಣದ ವೇತನವೆಂಬುದು ಬೇರೆ ಇದೆ, ಆದರೆ ಇವಳ ಕಾಲೇಜು ಆ ಪಟ್ಟಿಯಲ್ಲಿಲ್ಲ. ಕೊನೆಗೆ ಸರಿಹೊಂದಿದ್ದು ಅಖಿಲ ಭಾರತ ತಾಂತ್ರಿಕ ಶಿಕ್ಷಣ ಪರಿಷತ್ತಿನ "ಸಕ್ಷಮ್" ವೇತನ. ತಾಂತ್ರಿಕ ಪದವಿ ಅಥವಾ ಡಿಪ್ಲೊಮಾಗೆ ಸೇರಿದ, ಶೇಕಡಾ 40ಕ್ಕೆ ಕಡಿಮೆಯಿಲ್ಲದ ನ್ಯೂನತೆಯ, ಕುಟುಂಬದ ಆದಾಯ 8 ಲಕ್ಷ ಮೀರದ ವಿದ್ಯಾರ್ಥಿಗಳಿಗೆ ವರ್ಷಕ್ಕೆ 50,000 ರೂಪಾಯಿ. ಅರ್ಜಿ ಹಾಕುವುದು ರಾಷ್ಟ್ರೀಯ ವಿದ್ಯಾರ್ಥಿವೇತನ ಜಾಲತಾಣದಲ್ಲಿ. ನಿಯಮಗಳು ಆಗಾಗ ಬದಲಾಗುವುದರಿಂದ ಅರ್ಜಿ ಹಾಕುವ ವರ್ಷದ ಪ್ರಕಟಣೆಯನ್ನು ನೋಡಿಕೊಳ್ಳಬೇಕು.

ತುಂಬಲು ಕುಳಿತಾಗ ಒಂದು ವಿಚಿತ್ರ ತೊಡಕು ಎದುರಾಯಿತು. ತಂದೆಯ ಹೆಸರು ಆಧಾರಿನಲ್ಲಿ ಒಂದು ಬಗೆ, ನಾಡಕಚೇರಿಯ ಆದಾಯ ಪ್ರಮಾಣಪತ್ರದಲ್ಲಿ ಒಂದು ಬಗೆ, ಮಗಳ ಅಂಕಪಟ್ಟಿಯಲ್ಲಿ ಮತ್ತೊಂದು ಬಗೆ. "ಯಾರು ಹೀಗೆ ತಪ್ಪು ಬರೆದರಯ್ಯಾ?" ಎಂದೆನು. ಅವನು ತಲೆ ತಗ್ಗಿಸಿ, "ನಾನೇ ಮೇಷ್ಟ್ರೇ. ಅಲ್ಲಲ್ಲಿ ಫಾರಂ ತುಂಬುವಾಗ ನಾನೇ ಬರೆದುಕೊಟ್ಟದ್ದು" ಎಂದನು. ನನಗೆ ಆ ಇಂಗ್ಲೆಂಡಿನ ಪರ್ಸಿಯ ನೆನಪಾಯಿತು. ಮರುದಿನ ನೋಟರಿಯವರಲ್ಲಿ ಪ್ರಮಾಣಪತ್ರ ಮಾಡಿಸಿ, ಎಲ್ಲ ಹೆಸರುಗಳೂ ಒಬ್ಬನದೇ ಎಂದು ಬರೆಸಿದೆವು. ಕೊನೆಯ ದಿನಾಂಕಕ್ಕೆ ಮುಂಚೆ ಅರ್ಜಿ ಹೋಯಿತು. ಹಣ ಬಂದದ್ದು ಬಹಳ ತಡವಾಗಿ. ಅಷ್ಟರೊಳಗೆ ಅವನು ಕೈಗಡ ಮಾಡಿ ಶುಲ್ಕ ಕಟ್ಟಿದ್ದನು. ಆದರೂ ಬಂದಿತು.

ಅರ್ಜಿ ತುಂಬಿದ ಆ ಸಂಜೆ ನಡೆದದ್ದನ್ನು ಹೇಳದೆ ಈ ಲೇಖನ ಮುಗಿಯುವುದಿಲ್ಲ. ಮನೆಯಾಕೆ ಕಾಫಿ ತಂದುಕೊಟ್ಟಿದ್ದಳು. ಅವನು ಲೋಟ ಹಿಡಿದುಕೊಂಡು, "ಮೇಷ್ಟ್ರೇ, ಆಸ್ಪತ್ರೇಲಿ ಮೇಡಂ ಕೇಳಿದ್ರು, ಮನೇಲಿ ಇನ್ಯಾರಿಗಾದ್ರೂ ಹೀಗೆ ಇತ್ತಾ ಅಂತ. ಇದು ಮನೆತನದಲ್ಲಿ ಹರಿದು ಬರುತ್ತಂತೆ. ನಂಗೂ ಇದೇ ಇತ್ತಾ?" ಎಂದು ಕೇಳಿದನು.

ನಾನು ವೈದ್ಯನಲ್ಲ, ಹೇಳಲು ಅಧಿಕಾರವಿಲ್ಲ ಎಂದು ತಪ್ಪಿಸಿಕೊಳ್ಳಬಹುದಾಗಿತ್ತು. ಆದರೆ ಅವನ ನೂರು ಸಾಲುಗಳನ್ನು ನೋಡಿದವನು ನಾನೊಬ್ಬನೇ. "ಹೌದಪ್ಪ, ನಿನಗೂ ಇದೇ ಇತ್ತು ಎಂದು ನನಗೆ ತೋರುತ್ತದೆ. ನಿನ್ನ ತಲೆಯಲ್ಲಿ ಕೊರತೆ ಇರಲಿಲ್ಲ. ನೋಡುವ ಕಣ್ಣು ನನಗಿರಲಿಲ್ಲ. ನಿನ್ನನ್ನು ಹೊಡೆಯಬಾರದಾಗಿತ್ತು" ಎಂದೆನು.

ಅವನು ಬಹಳ ಹೊತ್ತು ಮಾತನಾಡಲಿಲ್ಲ. ಹೊಡೆತದ ವಿಷಯವನ್ನು ಎತ್ತಲೂ ಇಲ್ಲ. ಆಮೇಲೆ, "ಈ ಮಾತನ್ನ ಒಂದು ಕಾಗದದಲ್ಲಿ ಬರೆದುಕೊಡಿ ಮೇಷ್ಟ್ರೇ" ಎಂದನು. "ಯಾರಿಗೆ ತೋರಿಸಬೇಕಯ್ಯಾ?" ಎಂದೆನು. "ನಮ್ಮವ್ವನಿಗೆ. ಅವತ್ತು ನೀವು ಹೇಳಿದ್ದು ಅವಳ ಮನಸ್ಸಿನಲ್ಲಿ ಹಾಗೇ ಕೂತದೆ. ಮೇಷ್ಟ್ರು ಹೇಳಿದ್ದು ಅಂದ್ರೆ ಅವಳಿಗೆ ಸುಳ್ಳಾಗಲ್ಲ. ನಾನು ಅಂಗಡಿ ಇಟ್ಟೆ, ಮನೆ ಕಟ್ಟಿದೆ, ಈಗಲೂ ಬಂದೋರ ಹತ್ರ ನನ್ನ ಮಗ ದಡ್ಡ ಆದ್ರೂ ಒಳ್ಳೆಯವನು ಅಂತಾಳೆ."

ಆ ತಾಯಿಗೆ ಈಗ ಎಂಬತ್ತರ ಹತ್ತಿರ. ಓದು ಬರುವುದಿಲ್ಲ. ಮಗನಿಗೆ ಕಾಗದ ಓದುವುದು ಕಷ್ಟ. ಹಾಗಾದರೆ ಓದಿ ಹೇಳುವವಳು ಮೊಮ್ಮಗಳು. ಇದನ್ನು ನೆನೆದು ನಾನು ದಪ್ಪ ಅಕ್ಷರಗಳಲ್ಲಿ, ಸಾಲಿಗೆ ನಾಲ್ಕೈದು ಪದಗಳಂತೆ, ಒತ್ತಕ್ಷರಗಳು ಆದಷ್ಟು ಕಡಿಮೆ ಇರುವ ಮಾತುಗಳನ್ನು ಹುಡುಕಿ ಬರೆದೆನು. ನನ್ನ ವೃತ್ತಿಜೀವನದಲ್ಲಿ ಎಷ್ಟೋ ನಡತೆ ಪತ್ರಗಳನ್ನೂ ಪ್ರಶಂಸಾಪತ್ರಗಳನ್ನೂ ಬರೆದಿದ್ದೇನೆ. ಒಂದು ಪುಟ ಬರೆಯಲು ಅಷ್ಟು ಹೊತ್ತು ಹಿಡಿದದ್ದು ಅದೊಂದೇ ಸಲ. ಸರಳವಾದ ಪದ ಹುಡುಕುತ್ತ ತಡವರಿಸುವಾಗ, ಆ ಹುಡುಗ ಆ ಶನಿವಾರ ರಾತ್ರಿ ದೀಪದ ಮುಂದೆ ಎಷ್ಟು ಹೊತ್ತು ಕುಳಿತಿದ್ದಿರಬೇಕೆಂದು ಯೋಚನೆಯಾಯಿತು.

ನನ್ನ ಶಿಷ್ಯರಲ್ಲಿ ಅನೇಕರು ಇಂದು ಉಪಾಧ್ಯಾಯರಾಗಿದ್ದೀರಿ, ಅನೇಕರು ತಂದೆತಾಯಿಗಳಾಗಿದ್ದೀರಿ. ನಿಮ್ಮಲ್ಲಿ ಒಂದು ವಿನಂತಿ. ಕಾಯಿದೆ ಬಂದಿದೆ, ಜಾಲತಾಣ ಇದೆ, ಹಣವೂ ಇದೆ. ನ್ಯಾಯಾಲಯಗಳೂ ಈ ಮಕ್ಕಳ ಕಡೆ ನಿಂತಿವೆ. 2021ರ ನವೆಂಬರಿನಲ್ಲಿ, ನೀಟ್ ಪರೀಕ್ಷೆಯಲ್ಲಿ ಒಂದು ಗಂಟೆಯ ಹೆಚ್ಚುವರಿ ಸಮಯ ನಿರಾಕರಿಸಲ್ಪಟ್ಟ ಡಿಸ್ಗ್ರಾಫಿಯಾದ ವಿದ್ಯಾರ್ಥಿನಿಗೆ ಆದದ್ದು ಅನ್ಯಾಯವೆಂದು ಸರ್ವೋಚ್ಚ ನ್ಯಾಯಾಲಯ ಹೇಳಿತು. ಆ ಪೀಠದಲ್ಲಿ ನ್ಯಾಯಮೂರ್ತಿ ಚಂದ್ರಚೂಡರ ಜೊತೆಗೆ ನಮ್ಮ ಕೊಡಗಿನ ನ್ಯಾಯಮೂರ್ತಿ ಎ. ಎಸ್. ಬೋಪಣ್ಣನವರೂ ಇದ್ದರು. ಆದರೂ ಮರುಪರೀಕ್ಷೆಗೆ ಆದೇಶವಾಗಲಿಲ್ಲ. ಆದ ಅನ್ಯಾಯವನ್ನು ಸರಿಪಡಿಸುವ ಬಗೆಯನ್ನು ಪರಿಶೀಲಿಸಲು ಪರೀಕ್ಷೆ ನಡೆಸಿದವರಿಗೆ ಸೂಚಿಸಿದರು. ಕಳೆದುಹೋದ ಒಂದು ಗಂಟೆಯನ್ನು ಮರಳಿ ಕೊಡುವುದು ಅಷ್ಟು ಕಷ್ಟ.

ಇವೆಲ್ಲಕ್ಕೂ ಮೊದಲು ಒಂದು ತರಗತಿಯಲ್ಲಿ ಯಾರೋ ಒಬ್ಬರು ಮಗುವನ್ನು ಗಮನಿಸಿರಬೇಕು. ಬಾಯಲ್ಲಿ ಹೇಳುವ ಮಗು ಬರೆಯಲಾರದೆ ನಿಂತರೆ ಕೋಪ ಮಾಡಿಕೊಳ್ಳುವ ಮುನ್ನ ಒಂದು ದಿನ ತಡೆಯಿರಿ. ಅದರ ನೋಟ್‌ಪುಸ್ತಕವನ್ನು ಮನೆಗೆ ಒಯ್ದು ನಿಧಾನವಾಗಿ ನೋಡಿರಿ.

ಈಚೆಗೆ ಅವನು ದೂರವಾಣಿ ಮಾಡಿದ್ದನು. ಮಗಳು ಎರಡನೆಯ ಸೆಮಿಸ್ಟರಿನಲ್ಲಿ ಒಂದು ವಿಷಯ ಬಿಟ್ಟು ಎಲ್ಲದರಲ್ಲಿಯೂ ಪಾಸಾಗಿದ್ದಾಳೆ. ಬಾಕಿ ಉಳಿದ ವಿಷಯವನ್ನು ಮತ್ತೆ ಕಟ್ಟಿದ್ದಾಳೆ. ಕಾಗದದ ವಿಷಯವನ್ನು ನಾನಾಗಿ ಕೇಳಲಿಲ್ಲ. ಅವನೇ ಹೇಳಿದನು: ಮೊಮ್ಮಗಳು ಓದಿದಳಂತೆ, ಎರಡು ಕಡೆ ನಿಂತು, ಮತ್ತೆ ಓದಿದಳಂತೆ. ಅಜ್ಜಿ ಪೂರ್ತಿ ಕೇಳಿಸಿಕೊಂಡು, ಕಾಗದವನ್ನು ಮಡಚಿ ತನ್ನ ಎಲೆಅಡಿಕೆ ಚೀಲದಲ್ಲಿ ಇಟ್ಟುಕೊಂಡಳಂತೆ.